ಪ್ರಶ್ನೆ ಇಂಗ್ಲಿಷಿನದು, ಬೇರು ಕನ್ನಡದ್ದು

ಕಲಿಯುವವನ ಮನಸ್ಸಿನಲ್ಲಿ ಹುಟ್ಟುವ ಪ್ರಶ್ನೆ ಅವನ ಅಜ್ಞಾನದ ಗುರುತಲ್ಲ, ಅವನ ಎಚ್ಚರದ ಗುರುತು. ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಇಂಗ್ಲಿಷಿನ ವಿಷಯ ಬಂದೊಡನೆ ಮರೆತುಬಿಡುತ್ತಾರೆ. ಲೆಕ್ಕದಲ್ಲಿ ತಪ್ಪಿದ ಹುಡುಗನನ್ನು ನಾವು ತಿದ್ದುತ್ತೇವೆ. ಇಂಗ್ಲಿಷಿನಲ್ಲಿ ತಪ್ಪಿದ ಹುಡುಗನನ್ನು ಕಂಡು ನಗುತ್ತೇವೆ. ತಿದ್ದಿಸಿಕೊಂಡವನು ಮುಂದಿನ ಲೆಕ್ಕಕ್ಕೆ ಕೈಹಾಕುತ್ತಾನೆ. ನಗೆಗೆ ಈಡಾದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಮೌನದಿಂದ ಎಷ್ಟೋ ಜಾಣ ಮಕ್ಕಳ ಬದುಕು ಕಿರಿದಾದುದನ್ನು ಕಣ್ಣಾರೆ ಕಂಡವನಾದುದರಿಂದ, ಈ ಪತ್ರಿಕೆಯ ವಾಚಕರ ಮುಂದೆ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳಬಯಸುತ್ತೇನೆ.

ನಾನು ಹೇಮಾವತಿಯ ದಂಡೆಯ ಹೊಳೆನರಸೀಪುರದಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ನನ್ನ ತರಗತಿಗೆ ಬರುತ್ತಿದ್ದವರು ಹಳ್ಳಿಮೈಸೂರು, ಹಳೇಕೋಟೆ ಕಡೆಯ ಮಕ್ಕಳು. ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಿಂದ ಬಂದು ಬಂಧುಗಳ ಮನೆಯಲ್ಲಿಯೋ ವಿದ್ಯಾರ್ಥಿನಿಲಯಗಳಲ್ಲಿಯೋ ಇದ್ದು ಓದುತ್ತಿದ್ದವರು. ಇವರಲ್ಲಿ ಬಹುಮಂದಿಗೆ ಮನೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತಿರಲಿಲ್ಲ. ಆಗ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಇಂಗ್ಲಿಷ್ ಆರಂಭವಾಗುತ್ತಿತ್ತು. 2007–08ರಿಂದ ಅದು ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಬಂದಿದೆ. ಕಲಿಕೆಯ ಆರಂಭ ನಾಲ್ಕು ವರ್ಷ ಹಿಂದಕ್ಕೆ ಸರಿದರೂ ಮಕ್ಕಳು ಕೇಳುವ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. ನಿವೃತ್ತನಾದ ಮೇಲೂ ಹಳೆಯ ಶಿಷ್ಯರು ದೂರವಾಣಿಯಲ್ಲಿ ಅವೇ ಪ್ರಶ್ನೆಗಳನ್ನು ಕೇಳುತ್ತಿರುತ್ತಾರೆ. ಈಗ ತಮಗಾಗಿ ಅಲ್ಲ, ತಮ್ಮ ಮಕ್ಕಳಿಗಾಗಿ. ಎರಡು ತಲೆಮಾರಿನವರು ಒಂದೇ ಜಾಗದಲ್ಲಿ ಎಡವುತ್ತಿದ್ದಾರೆಂದರೆ, ದೋಷ ಕಾಲಿನದಲ್ಲ, ಆ ಜಾಗದಲ್ಲಿ ಕಲ್ಲೊಂದಿದೆ ಎಂದೇ ತಿಳಿಯಬೇಕು. ಆ ಕಲ್ಲು ಯಾವುದೆಂಬುದೇ ಈ ಬರಹದ ವಿಷಯ.

ಮೊದಲಿಗೆ ನಮ್ಮ ಊರಿನದೇ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಶ್ರೀ ಎಚ್. ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಅವರು ಭಾರತದ ಎಷ್ಟನೆಯ ಪ್ರಧಾನಮಂತ್ರಿ? ಹನ್ನೊಂದನೆಯವರು. ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳುವುದು ಸುಲಭ: ‘ದಿ ಇಲೆವೆಂತ್’. ಆದರೆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವುದು ಹೇಗೆ? ನಮ್ಮ ‘ಎಷ್ಟನೆಯ’ ಎಂಬ ಒಂದು ಪದಕ್ಕೆ ಸಮನಾದ, ರೂಢಿಯಲ್ಲಿರುವ ಒಂದು ಪದ ಇಂಗ್ಲಿಷಿನಲ್ಲಿ ಇಲ್ಲ. ‘ಅವರಿಗಿಂತ ಮೊದಲು ಎಷ್ಟು ಮಂದಿ ಪ್ರಧಾನಿಗಳಾಗಿದ್ದರು?’ ಎಂದು ಬಳಸಿ ಕೇಳಬೇಕು. ‘ನೀನು ನಿಮ್ಮ ತಂದೆಗೆ ಎಷ್ಟನೆಯ ಮಗ?’ ಎಂಬುದಕ್ಕೂ ಇದೇ ಗತಿ. ಈ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಪಾಠದ ಮೊದಲ ವಾರದಲ್ಲಿಯೇ ಮಕ್ಕಳ ಮುಂದೆ ಇಡುತ್ತಿದ್ದೆ. ತನ್ನ ಮನೆಮಾತಿನಲ್ಲಿ ಇರುವ ಒಂದು ಅನುಕೂಲ ಇಂಗ್ಲಿಷಿನಲ್ಲಿ ಇಲ್ಲವೆಂದು ತಿಳಿದ ಕ್ಷಣದಲ್ಲಿ ಮಗುವಿನ ಬೆನ್ನು ನೆಟ್ಟಗಾಗುತ್ತದೆ. ಭಾಷೆಗಳು ಮೇಲು ಕೀಳಲ್ಲ, ಬೇರೆ ಬೇರೆ ಎಂಬ ಅರಿವು ಅಲ್ಲಿಂದ ಮೊದಲಾಗುತ್ತದೆ.

ಇನ್ನು ‘ಎ’, ‘ಆ್ಯನ್’, ‘ದಿ’ ಎಂಬ ಮೂರು ಪುಟ್ಟ ಪದಗಳು. ಕಲಿಯುವವರನ್ನು ಇವು ಕಾಡುವಷ್ಟು ಬೇರಾವ ಪದಗಳೂ ಕಾಡವು. ‘ಕನ್ನಡದಲ್ಲಿ ಇವು ಇಲ್ಲ, ಆದುದರಿಂದ ಬಾಯಿಪಾಠ ಮಾಡಿ’ ಎಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಇವುಗಳ ಕೆಲಸವನ್ನು ಕನ್ನಡವೂ ತನ್ನದೇ ರೀತಿಯಲ್ಲಿ ಮಾಡುತ್ತದೆ. ಅಜ್ಜಿಯ ಕಥೆಯನ್ನು ನೆನೆಯಿರಿ: ‘ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಹೆಂಡಿರು.’ ಮೊದಲ ಸಲ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಮೊದಲನೆಯದು ‘ಎ’, ಎರಡನೆಯದು ‘ದಿ’. ಇನ್ನೂ ಸೂಕ್ಷ್ಮವಾದ ನಿದರ್ಶನ ನಮ್ಮ ದ್ವಿತೀಯಾ ವಿಭಕ್ತಿಯಲ್ಲಿದೆ. ‘ಎತ್ತು ಹುಡುಕುತ್ತಿದ್ದೇನೆ’ ಎಂದು ರೈತನೊಬ್ಬನು ಹೇಳಿದರೆ ಅವನು ಜಾತ್ರೆಯಲ್ಲಿ ಕೊಳ್ಳಲು ಹೊರಟಿದ್ದಾನೆಂದು ಅರ್ಥ. ‘ಎತ್ತನ್ನು ಹುಡುಕುತ್ತಿದ್ದೇನೆ’ ಎಂದರೆ ಅವನ ಎತ್ತು ಕಟ್ಟಿದ ಹಗ್ಗ ಕಿತ್ತುಕೊಂಡು ಹೋಗಿದೆಯೆಂದು ಅರ್ಥ. ‘ಅನ್ನು’ ಎಂಬ ಒಂದು ಪ್ರತ್ಯಯ ಇಲ್ಲಿ ‘ದಿ’ ಮಾಡುವ ಕೆಲಸವನ್ನು ಮಾಡಿದೆ. ಈ ಭೇದವನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ಬಲ್ಲರು. ಬಲ್ಲೆವೆಂಬುದನ್ನು ಮಾತ್ರ ಅರಿಯರು. ಅದನ್ನು ಅರಿವಿಗೆ ತರುವುದೇ ಉಪಾಧ್ಯಾಯನ ಕರ್ತವ್ಯ.

‘ಎಂ.ಎಲ್.ಎ.’ ಎಂಬುದರ ಹಿಂದೆ ‘ಆ್ಯನ್’ ಏಕೆ ಬರಬೇಕೆಂದು ಹುಡುಗನೊಬ್ಬ ಕೇಳಿದ್ದುಂಟು. ಸ್ವರದ ಮುಂದೆ ‘ಆ್ಯನ್’, ವ್ಯಂಜನದ ಮುಂದೆ ‘ಎ’ ಎಂಬ ಸೂತ್ರ ಅವನಿಗೆ ಗೊತ್ತಿತ್ತು. ಅಕ್ಷರದಲ್ಲಿ ನೋಡಿದರೆ ಅಲ್ಲಿರುವುದು ‘ಎಂ’ ಎಂಬ ಇಂಗ್ಲಿಷ್ ವ್ಯಂಜನ. ಈ ಸೂತ್ರ ಕಣ್ಣಿಗೆ ಸಂಬಂಧಿಸಿದ್ದಲ್ಲ, ಕಿವಿಗೆ ಸಂಬಂಧಿಸಿದ್ದು ಎಂದು ವಿವರಿಸಿದೆ. ಆದರೂ ಅವನ ಮುಖ ಅರಳಲಿಲ್ಲ. ಕಾರಣ ಸ್ವಾರಸ್ಯವಾಗಿದೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಪದದ ಮೊದಲಿನ ‘ಎ’ಕಾರಕ್ಕೆ ಯಕಾರ ಸೇರುತ್ತದೆ, ‘ಎಂಟು’ ಎಂಬುದು ‘ಯೆಂಟು’ ಆಗುತ್ತದೆ, ‘ಎಮ್ಮೆ’ ಎಂಬುದು ‘ಯೆಮ್ಮೆ’ ಆಗುತ್ತದೆ. ಅವನ ಬಾಯಲ್ಲಿ ಅದು ‘ಯೆಮ್ಮೆಲ್ಲೆ’. ಅವನ ಕಿವಿಗೆ ಅಲ್ಲಿ ವ್ಯಂಜನವೇ ಕೇಳಿಸುತ್ತಿತ್ತು! ಹುಡುಗನ ತರ್ಕ ಸರಿಯಾಗಿಯೇ ಇತ್ತು. ಉಚ್ಚಾರಣೆಯನ್ನು ತಿದ್ದಿದೊಡನೆ ಸೂತ್ರವೂ ಅವನಿಗೆ ಒಲಿಯಿತು. ‘ಯೂನಿವರ್ಸಿಟಿ’ಗೆ ‘ಎ’ ಏಕೆ, ‘ಅವರ್’ ಎಂಬ ಗಂಟೆಗೆ ‘ಆ್ಯನ್’ ಏಕೆ ಎಂಬುದನ್ನು ಆಮೇಲೆ ಅವನೇ ಇತರರಿಗೆ ಹೇಳಿಕೊಟ್ಟನು.

ನದಿಗೆ ‘ದಿ ಹೇಮಾವತಿ’ ಎನ್ನಬೇಕು, ಅದರ ದಂಡೆಯ ಊರಿಗೆ ‘ದಿ ಹೊಳೆನರಸೀಪುರ’ ಎನ್ನಬಾರದು. ಇದೇಕೆ ಎಂಬ ಪ್ರಶ್ನೆಯೂ ಬರುತ್ತದೆ. ನದಿಗಳ ಹೆಸರಿಗೂ ಪರ್ವತಶ್ರೇಣಿಗಳ ಹೆಸರಿಗೂ ‘ದಿ’ ಸೇರುತ್ತದೆ. ಊರಿಗೂ ಒಂಟಿ ಬೆಟ್ಟಕ್ಕೂ ಸೇರದು. ಇದು ರೂಢಿ. ರೂಢಿಯನ್ನು ರೂಢಿಯೆಂದೇ ಹೇಳಬೇಕು. ಇಲ್ಲದ ಕಾರಣವನ್ನು ಕಲ್ಪಿಸಿ ಹೇಳಬಾರದು.

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್ ಕನ್ನಡ’ ಎಂಬ ಮಾತುಗಳನ್ನು ತಾವೆಲ್ಲರೂ ಕೇಳಿದ್ದೀರಿ. ಇವು ಕನ್ನಡದ ಪ್ರಭಾವದಿಂದ ಬಂದವೆಂದು ಹೇಳುವುದುಂಟು. ಅದು ನಿಜವಲ್ಲ. ಕನ್ನಡದಲ್ಲಿ ಯಾರೂ ‘ನನಗೆ ಇಬ್ಬರು ತಮ್ಮಂದಿರು ಇರುತ್ತಿದ್ದಾರೆ’ ಎನ್ನುವುದಿಲ್ಲ. ‘ಇದ್ದಾರೆ’ ಎಂದೇ ಹೇಳುತ್ತೇವೆ. ಇಲ್ಲಿ ಹಾದಿ ತಪ್ಪಿಸಿದ್ದು ನಮ್ಮ ಪಾಠಕ್ರಮ. ‘ಐ ಆಮ್ ಈಟಿಂಗ್’, ‘ಐ ಆಮ್ ಗೋಯಿಂಗ್’ ಎಂದು ವರ್ಷಗಟ್ಟಲೆ ಉರುಹೊಡೆಸಿದ ಮೇಲೆ ಮಗು ಎಲ್ಲ ಕ್ರಿಯಾಪದಗಳಿಗೂ ಅದೇ ಅಂಗಿಯನ್ನು ತೊಡಿಸುತ್ತದೆ. ಬಲ್ಲುದು, ಇರುವುದು, ಬೇಕೆನಿಸುವುದು, ನಂಬುವುದು ಇವು ಕ್ರಿಯೆಗಳಲ್ಲ, ಸ್ಥಿತಿಗಳು. ಕನ್ನಡ ಈ ಭೇದವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ‘ನಾನು ತಿನ್ನುತ್ತೇನೆ’, ‘ನಾನು ನಡೆಯುತ್ತೇನೆ’. ಆದರೆ ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಹಸಿವು’. ಮಾಡುವಲ್ಲಿ ‘ನಾನು’, ಒದಗಿಬರುವಲ್ಲಿ ‘ನನಗೆ’. ಚತುರ್ಥೀ ವಿಭಕ್ತಿ ಎಲ್ಲಿ ಬರುವುದೋ ಅಲ್ಲಿ ‘ಇಂಗ್’ ಹಚ್ಚುವ ಮೊದಲು ಒಂದು ಕ್ಷಣ ತಡೆ ಎಂದು ಹೇಳಿಕೊಟ್ಟರೆ, ಅರ್ಧಕ್ಕಿಂತ ಹೆಚ್ಚು ತಪ್ಪುಗಳು ತಾವಾಗಿಯೇ ಬಿದ್ದುಹೋಗುತ್ತವೆ.

‘ಸಿನ್ಸ್’ ಮತ್ತು ‘ಫಾರ್’ ಎಂಬ ಜೋಡಿಯ ಗೊಂದಲಕ್ಕೆ ಮಾತ್ರ ಕನ್ನಡವೇ ಕಾರಣ. ‘1990ರಿಂದ ಇಲ್ಲಿದ್ದೇನೆ’, ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎರಡಕ್ಕೂ ನಮಗೆ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸುತ್ತದೆ. ನಾನು ಹಸುವನ್ನು ಮೇಯಲು ಕಟ್ಟುವುದನ್ನು ಉದಾಹರಿಸುತ್ತಿದ್ದೆ. ‘ಸಿನ್ಸ್’ ಎಂಬುದು ಗೂಟ. ‘ಫಾರ್’ ಎಂಬುದು ಹಗ್ಗದ ಉದ್ದ. ಗೂಟ ನೆಟ್ಟ ಜಾಗವನ್ನು ಹೇಳುವಾಗ ‘ಸಿನ್ಸ್ 1990’, ಹಗ್ಗವನ್ನು ಅಳೆದು ಹೇಳುವಾಗ ‘ಫಾರ್ ಟೆನ್ ಇಯರ್ಸ್’. ನಮ್ಮಲ್ಲಿ ‘ಇದ್ದೇನೆ’ ಎಂಬ ವರ್ತಮಾನ ಸಾಕಾದರೆ, ಅಲ್ಲಿ ‘ಹ್ಯಾವ್ ಬೀನ್’ ಎಂದು ಹಿಂದಿನಿಂದ ಇಂದಿನವರೆಗೆ ಹಗ್ಗವನ್ನು ಎಳೆದು ತೋರಿಸಬೇಕು. ದನ ಕಟ್ಟಿ ಬಲ್ಲ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗುತ್ತಿರಲಿಲ್ಲ.

ಮಠದ ಪರಿಸರದಲ್ಲಿ ಬೆಳೆದವರಿಗೆ ವಿಶೇಷವಾಗಿ ಒದಗುವ ಸಂಕಟವೊಂದಿದೆ. ಪೂಜ್ಯರ ವಿಷಯವಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ‘ಹಿ’ ಎಂದು ಬರೆಯಲು ಕೈ ಬರುವುದಿಲ್ಲ. ‘ಸ್ವಾಮೀಜಿಯವರು ಬರುತ್ತಾರೆ’ ಎನ್ನುವ ಬಾಯಿ ಏಕವಚನವನ್ನು ಉಚ್ಚರಿಸಲಾರದು. ಆದುದರಿಂದ ‘ದೇ’ ಎಂದು ಬಹುವಚನ ಬರೆದು ಅಂಕ ಕಳೆದುಕೊಂಡವರುಂಟು. ಇದು ವ್ಯಾಕರಣದ ದೋಷವಾದರೂ ಸಂಸ್ಕಾರದ ದೋಷವಲ್ಲ. ಇಂಗ್ಲಿಷ್ ಭಾಷೆಯೂ ಒಂದು ಕಾಲದಲ್ಲಿ ನಮ್ಮ ಹಾಗೆಯೇ ಇತ್ತು. ‘ದೌ’ ಎಂಬುದು ‘ನೀನು’. ‘ಯು’ ಎಂಬುದು ಬಹುವಚನ. 13ನೆಯ ಶತಮಾನದಿಂದೀಚೆಗೆ ಹಿರಿಯರೊಡನೆ ಮಾತನಾಡುವಾಗ ಗೌರವಕ್ಕಾಗಿ ಬಹುವಚನ ಬಳಕೆಗೆ ಬಂದಿತು. ಕ್ರಮೇಣ ಎಲ್ಲರಿಗೂ ಅದೇ ಸಂದು, 17ನೆಯ ಶತಮಾನದ ಹೊತ್ತಿಗೆ ‘ದೌ’ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಪ್ರಾರ್ಥನೆಯಲ್ಲಿಯೂ ಕಾವ್ಯದಲ್ಲಿಯೂ ಉಳಿಯಿತು. ಅಂದರೆ ಇಂದು ಇಂಗ್ಲಿಷಿನವನು ಎಲ್ಲರನ್ನೂ ‘ನೀವು’ ಎಂದೇ ಕರೆಯುತ್ತಾನೆ! ‘ಹಿ’ ಎಂಬುದರಲ್ಲಿ ಅಗೌರವವೇನೂ ಇಲ್ಲ. ಅಲ್ಲಿ ಗೌರವ ಸರ್ವನಾಮದಲ್ಲಿ ನೆಲೆಸಿಲ್ಲ. ‘ವುಡ್ ಯು’, ‘ಮೇ ಐ’, ‘ಪ್ಲೀಸ್’ ಎಂಬ ವಿನಯದ ವಾಕ್ಯರೀತಿಯಲ್ಲಿ ನೆಲೆಸಿದೆ. ‘ಗಿವ್ ಮಿ ಲೀವ್, ಸರ್’ ಎಂದು ಬರೆಯುವ ಹುಡುಗ ‘ಸರ್’ ಸೇರಿಸಿ ಮರ್ಯಾದೆ ಕೊಟ್ಟೆನೆಂದು ಭಾವಿಸುತ್ತಾನೆ. ಓದುವವನಿಗೆ ಅದು ಅಪ್ಪಣೆಯಂತೆ ಕೇಳುತ್ತದೆ.

ಇಷ್ಟು ಹೊತ್ತು ಹೇಳಿದವು ಅಂಕಕ್ಕೂ ಮರ್ಯಾದೆಗೂ ಸಂಬಂಧಿಸಿದವು. ಪ್ರಾಣಕ್ಕೆ ಸಂಬಂಧಿಸಿದ ಸಂದರ್ಭವೊಂದನ್ನು ಈಗ ಹೇಳಬೇಕು. ನನ್ನ ಶಿಷ್ಯೆಯೊಬ್ಬಳು ಶುಶ್ರೂಷಕಿಯಾಗಿ ದೂರದ ನಗರವೊಂದರ ದೊಡ್ಡ ಆಸ್ಪತ್ರೆಗೆ ಸೇರಿದಳು. ಶ್ರದ್ಧೆಯುಳ್ಳ ಹುಡುಗಿ, ವ್ಯಾಕರಣದಲ್ಲಿ ತರಗತಿಗೆ ಮೊದಲಿಗಳಾಗಿದ್ದವಳು. ಒಂದು ರಾತ್ರಿ ಕನ್ನಡ ತಿಳಿಯದ ವೈದ್ಯರೊಬ್ಬರು ರೋಗಿಯೊಬ್ಬನ ವಿಷಯದಲ್ಲಿ ಅವಳನ್ನು ‘ಯು ಹ್ಯಾವಂಟ್ ಗಿವನ್ ದಿ ಇಂಜೆಕ್ಷನ್ ಯೆಟ್?’ ಎಂದು ಕೇಳಿದರು. ‘ಇನ್ನೂ ಕೊಟ್ಟಿಲ್ಲ, ಅಲ್ಲವೆ?’ ಎಂದು ಅದರ ಅರ್ಥ. ಇವಳು ‘ಯೆಸ್, ಡಾಕ್ಟರ್’ ಎಂದಳು. ‘ಹೌದು, ಇನ್ನೂ ಕೊಟ್ಟಿಲ್ಲ’ ಎಂಬುದು ಅವಳ ಭಾವ. ‘ಕೊಟ್ಟಾಗಿದೆ’ ಎಂದು ಅವರು ತಿಳಿದರು. ಮುಂದಿನ ಹಾಸಿಗೆಗೆ ನಡೆದರು. ಸ್ವಲ್ಪ ಹೊತ್ತಿನ ಮೇಲೆ ರೋಗಿಯ ಚೀಟಿಯಲ್ಲಿ ಔಷಧ ಕೊಟ್ಟ ಗುರುತಿಲ್ಲದ್ದನ್ನು ಇನ್ನೊಬ್ಬರು ಕಂಡುದರಿಂದ ಅನಾಹುತ ತಪ್ಪಿತು. ಅವಳಿಗೆ ಬೈಗುಳ ಬಿತ್ತು. ಸುಳ್ಳು ಹೇಳಿದಳೆಂಬ ಮಾತೂ ಬಂದಿತು. ‘ಸಾರ್, ನಾನು ನಿಜವನ್ನೇ ಹೇಳಿದೆ. ನನ್ನ ಮಾತಿನಲ್ಲಿ ಯಾವ ವ್ಯಾಕರಣದ ತಪ್ಪಿತ್ತು?’ ಎಂದು ಅವಳು ದೂರವಾಣಿಯಲ್ಲಿ ಅಳುತ್ತ ಕೇಳಿದಳು.

ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಕನ್ನಡದ ‘ಹೌದು’ ಕೇಳಿದವನ ಮಾತಿಗೆ ಒಪ್ಪಿಗೆ: ‘ನೀವು ಹೇಳಿದ್ದು ಸರಿ’ ಎಂದು ಅದರ ಅರ್ಥ. ಇಂಗ್ಲಿಷಿನ ‘ಯೆಸ್’ ನಡೆದ ಸಂಗತಿಗೆ ಕೊಡುವ ಸಾಕ್ಷ್ಯ: ‘ಕೆಲಸ ಆಗಿದೆ’ ಎಂದು ಅದರ ಅರ್ಥ. ಪ್ರಶ್ನೆ ನೇರವಾಗಿದ್ದಾಗ ಎರಡೂ ಒಂದೇ ಕಡೆ ನಿಲ್ಲುತ್ತವೆ. ಪ್ರಶ್ನೆಯೊಳಗೆ ‘ಇಲ್ಲ’ ಸೇರಿದೊಡನೆ ಎದುರುಬದುರಾಗುತ್ತವೆ. ಇದು ನಮ್ಮೊಬ್ಬರ ತೊಡಕಲ್ಲ; ಜಪಾನೀಯರಿಗೂ ಇದೇ ತೊಡಕಿದೆ. ಇಂಗ್ಲಿಷರೂ ಒಮ್ಮೆ ಇದಕ್ಕಾಗಿ ನಾಲ್ಕು ಪದಗಳನ್ನು ಇಟ್ಟುಕೊಂಡಿದ್ದರು: ನೇರವಾದ ಪ್ರಶ್ನೆಗೆ ‘ಯೇ’ ಮತ್ತು ‘ನೇ’, ನಿಷೇಧವುಳ್ಳ ಪ್ರಶ್ನೆಗೆ ‘ಯೆಸ್’ ಮತ್ತು ‘ನೋ’. 16ನೆಯ ಶತಮಾನದಲ್ಲಿ ಸರ್ ಥಾಮಸ್ ಮೋರ್ ಎಂಬ ವಿದ್ವಾಂಸನು, ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲನು ಈ ಭೇದವನ್ನು ಪಾಲಿಸಲಿಲ್ಲವೆಂದು ಆಕ್ಷೇಪಿಸಿದನು. ಅನಂತರ ಎರಡು ಪದಗಳು ಬಳಕೆ ತಪ್ಪಿ, ಉಳಿದ ಎರಡೇ ಎಲ್ಲ ಭಾರವನ್ನೂ ಹೊತ್ತಿವೆ.

ಪರಿಹಾರವೂ ಕನ್ನಡದಲ್ಲಿಯೇ ಇದೆ. ‘ಊಟ ಮಾಡಿದೆಯಾ?’ ಎಂದರೆ ನಾವು ‘ಮಾಡಿದೆ’ ಎನ್ನುತ್ತೇವೆ, ‘ಬಂದನೆ?’ ಎಂದರೆ ‘ಬಂದ’ ಎನ್ನುತ್ತೇವೆ. ಕ್ರಿಯಾಪದವನ್ನೇ ಮರಳಿ ಹೇಳುವ ಈ ಅಭ್ಯಾಸವನ್ನು ಇಂಗ್ಲಿಷಿಗೂ ಒಯ್ಯಿರಿ. ಬರಿಯ ‘ಯೆಸ್’, ಬರಿಯ ‘ನೋ’ ಹೇಳಿ ನಿಲ್ಲಬೇಡಿ. ‘ಐ ಹ್ಯಾವ್ ಗಿವನ್ ಇಟ್’, ‘ಐ ಹ್ಯಾವಂಟ್ ಗಿವನ್ ಇಟ್’ ಎಂದು ಪೂರ್ತಿ ಹೇಳಿ. ಅವಳಿಗೆ ನಾನು ಹೇಳಿದ್ದು ಇಷ್ಟೆ. ತನ್ನೊಡನೆ ಕೆಲಸ ಮಾಡುವ ಕನ್ನಡದ ಹುಡುಗಿಯರಿಗೆಲ್ಲ ಈ ಪಾಠವನ್ನು ಈಗ ಅವಳೇ ಹೇಳಿಕೊಡುತ್ತಿದ್ದಾಳೆ.

ಹಾಗಾದರೆ ಕನ್ನಡದ ಛಾಯೆಯುಳ್ಳ ಇಂಗ್ಲಿಷೆಲ್ಲ ತಪ್ಪೆ? ಅಲ್ಲ. ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ‘ಐ ವಿಲ್ ಗೋ ಆ್ಯಂಡ್ ಕಮ್’ ಎಂಬುದರಲ್ಲಿ ಇರುವುದು ಆ ಸಂಸ್ಕಾರ. ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗಿರುವುದರಿಂದ ‘ಕಸಿನ್ ಬ್ರದರ್’ ಎನ್ನುತ್ತೇವೆ. ‘ಪ್ರಿಪೋನ್’ ಎಂಬ ನಮ್ಮ ದೇಶದ ಬಳಕೆಯ ಪದವನ್ನು ಆಕ್ಸ್‌ಫರ್ಡ್ ನಿಘಂಟೇ ಒಳಗೆ ಕರೆದುಕೊಂಡಿದೆ. 1908ರಲ್ಲಿ ಹಾಸನದಲ್ಲಿ ಜನಿಸಿದ ರಾಜಾರಾವ್ ಅವರು 1938ರಲ್ಲಿ ಪ್ರಕಟಿಸಿದ ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಹರಿಯುವ ನದಿ ಹಿಮಾವತಿ. ನಮ್ಮ ಹೇಮಾವತಿಯ ಹೆಸರೇ ಅಲ್ಲಿ ಪ್ರತಿಧ್ವನಿಸಿದೆ. ಹಳ್ಳಿಯ ಅಜ್ಜಿಯೊಬ್ಬಳು ನಿಲ್ಲದೆ ಕಥೆ ಹೇಳುವ ಓಟವನ್ನು ಅವರು ಇಂಗ್ಲಿಷಿನ ವಾಕ್ಯದೊಳಗೆ ತಂದರು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಅವರಿಗೆ ಲೋಕದ ಮನ್ನಣೆ ದೊರೆಯಿತು. ಒರೆಗಲ್ಲು ಒಂದೇ: ಕೇಳುವವನಿಗೆ ನಮ್ಮ ಅಭಿಪ್ರಾಯ ಸರಿಯಾಗಿ ತಲುಪುವುದೆ? ‘ಗೋ ಆ್ಯಂಡ್ ಕಮ್’ ಎಂದರೆ ಕೇಳುವವನು ಮುಗುಳ್ನಗಬಹುದು, ಅಪಾಯವಿಲ್ಲ. ಆ ಶುಶ್ರೂಷಕಿಯ ‘ಯೆಸ್’ ಶುದ್ಧ ಇಂಗ್ಲಿಷೇ ಆಗಿತ್ತು, ಅಪಾಯವಿದ್ದದ್ದು ಅಲ್ಲಿ. ನಾವು ನಗಬೇಕಾಗಿಲ್ಲದ ಕಡೆ ನಗುತ್ತೇವೆ, ಎಚ್ಚರಿಸಬೇಕಾದ ಕಡೆ ಸುಮ್ಮನಿರುತ್ತೇವೆ.

ಕಲಿಯುವವರ ಪ್ರಶ್ನೆಗಳನ್ನು ಮನಸ್ಸಿಟ್ಟು ಆಲಿಸಿದವರಿಂದ ಎಂತಹ ಕೆಲಸವಾಗುವುದೆಂಬುದಕ್ಕೆ ನಿದರ್ಶನಗಳಿವೆ. ಇಂದು ಲೋಕದ ವಿದ್ಯಾರ್ಥಿಗಳೆಲ್ಲ ಬಳಸುವ ಆಕ್ಸ್‌ಫರ್ಡ್ ವಿದ್ಯಾರ್ಥಿ ನಿಘಂಟು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ಪರಭಾಷಿಕರಾದ ವಿದ್ಯಾರ್ಥಿಗಳಿಗಾಗಿಯೇ ಸಿದ್ಧಪಡಿಸಿದ ಆ ಗ್ರಂಥ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು; 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಣೆಯಾಯಿತು. ನಮ್ಮಲ್ಲಿಯೇ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಣ್ಣ ಸಣ್ಣ ಸಂಶಯಗಳಿಗೂ ತಾಳ್ಮೆಯಿಂದ ಉತ್ತರ ಬರೆದರು. 2021ರಲ್ಲಿ 107ನೆಯ ವಯಸ್ಸಿನಲ್ಲಿ ಅವರು ಅಗಲಿದರು. ಯಾವ ಪ್ರಶ್ನೆಯನ್ನೂ ಕೀಳೆಂದು ಕಾಣದ ಅವರ ರೀತಿ ಉಪಾಧ್ಯಾಯರೆಲ್ಲರಿಗೂ ಮಾದರಿ.

ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕಾದರೆ ಕನ್ನಡವನ್ನು ಮರೆಯಬೇಕೆಂದು ಭಾವಿಸುವ ತಂದೆತಾಯಿಗಳು ಇಂದು ಹೆಚ್ಚಾಗಿದ್ದಾರೆ. ಅವರು ಎರಡು ಹೆಸರುಗಳನ್ನು ನೆನೆಯಲಿ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನವಿರಬೇಕೆಂದು 1981ರಲ್ಲಿ ವರದಿ ಕೊಟ್ಟ ವಿ. ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಇಂಗ್ಲಿಷನ್ನು ಆಳವಾಗಿ ಬಲ್ಲವರೇ ಕನ್ನಡವನ್ನು ಎತ್ತಿ ಹಿಡಿದರು. ಎರಡನ್ನೂ ಹತ್ತಿರದಿಂದ ಬಲ್ಲವರಿಗೆ ಒಂದರಿಂದ ಇನ್ನೊಂದು ಬೆಳಗುವುದೆಂಬ ಅನುಭವವಿತ್ತು.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಮಗು ಇಂಗ್ಲಿಷಿನಲ್ಲಿ ತಪ್ಪಿದಾಗ, ‘ಇದನ್ನೇ ಕನ್ನಡದಲ್ಲಿ ಹೇಗೆ ಹೇಳುವೆ?’ ಎಂದು ಮೊದಲು ಕೇಳಿರಿ. ಅದು ಹೇಳಿದ ಕನ್ನಡ ವಾಕ್ಯವನ್ನು ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿಡಿ. ಎಡವಿದ ಕಲ್ಲು ತಾನೇ ಕಾಣುತ್ತದೆ. ತಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಕನ್ನಡ ಬಲ್ಲ ತಾಯಿ ಈ ಪಾಠದಲ್ಲಿ ಅರ್ಧ ಉಪಾಧ್ಯಾಯಿನಿ. ನಮ್ಮ ಪ್ರಸಾದನಿಲಯಗಳಲ್ಲಿ ಓದಿ ದೊಡ್ಡ ಹುದ್ದೆಗೇರಿದ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಂದು ಸಂಜೆಯಾದರೂ ಕಿರಿಯರ ನಡುವೆ ಕುಳಿತು ಅವರ ಪ್ರಶ್ನೆಗಳನ್ನು ಕೇಳಲಿ. ತಾವೂ ಇದೇ ಜಾಗದಲ್ಲಿ ತಡವರಿಸಿದವರೆಂಬುದನ್ನು ನೆನೆದರೆ ಯಾರಿಗೂ ನಗು ಬಾರದು. ಕೇಳುವ ಬಾಯಿ ಮುಚ್ಚದಿರಲಿ. ಹೇಳುವ ಬಾಯಿ ನಗದಿರಲಿ. ವಿದ್ಯೆ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.